ಅಪ್‌ಡೇಟ್: ಮಗಳಿಗೆ ಸರಕಾರಿ ಶಾಲೆ ಆರಿಸಿದೆವು

ಹುಬ್ಬಳ್ಳಿಯ ಉಣಕಲ್ ಕಡೆ ಮಗಳನ್ನು ಒಂದನೇ ತರಗತಿಗೆ ಯಾವ ಸರಕಾರಿ ಶಾಲೆಗೆ ಸೇರಿಸಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್ ರೀ.

ಕೊನೆಗೆ ಎರಡು ಶಾಲೆ ಉಳಿದವು, ಒಂದು ದೊಡ್ಡ ಕಟ್ಟಡದ್ದು, ಇನ್ನೊಂದು ಚಿಕ್ಕದು. ಬಿಸಿಯೂಟ, ಹಾಲು ಎರಡೂ ಕಡೆ ಇದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಬೇಕು. ದೊಡ್ಡ ಕಟ್ಟಡದ ಶಾಲೆಯಲ್ಲಿ ಮಕ್ಕಳು ಜಾಸ್ತಿ, ಶಿಕ್ಷಕರು ಕಮ್ಮಿ. ಯುಡೈಸ್ ಅಂದರೆ ಶಾಲೆಗಳ ಮಾಹಿತಿ ಇರುವ ಸರಕಾರಿ ಜಾಲತಾಣದಲ್ಲಿ ಶಾಲೆ ಹೆಸರು ಹುಡುಕಿದರೆ ಶಿಕ್ಷಕರು, ಕೊಠಡಿ, ಶೌಚಾಲಯದ ಲೆಕ್ಕ ಸಿಗುತ್ತದೆ. ನೀವೂ ನೋಡಿ.

ಆದರೆ ನಾನು ತೀರ್ಮಾನ ಮಾಡಿದ್ದು ನಲಿಕಲಿ ತರಗತಿ ನೋಡಿ. ಅಲ್ಲಿ 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು, ಪಾಠದ ಕಾರ್ಡ್ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಟೀಚರ್ ಪಕ್ಕದಲ್ಲಿ ಕೂರದಿದ್ದರೆ ಮಗು ಅದೇ ಕಾರ್ಡ್ ಹಿಡಿದು ಸುಮ್ನೆ ಕೂತಿರುತ್ತದೆ, ಅಲ್ವಾ? ಚಿಕ್ಕ ಶಾಲೆಯ ಅಕ್ಕೋರು ಪ್ರತಿ ಗುಂಪಿನ ಹತ್ತಿರ ನೆಲದ ಮೇಲೆ ಕೂತು ಓದಿಸುತ್ತಿದ್ದರು. ತುಂಬಾ ಇಷ್ಟವಾಯಿತು. ಅಲ್ಲೇ ಸೇರಿಸಿದೆವು.

ಒಂದು ಕೊರತೆ ಇದೆ. ಶೌಚಾಲಯಕ್ಕೆ ನೀರು ಸರಿಯಾಗಿ ಬರುವುದಿಲ್ಲ. ಶಾಲೆಯ ಉಸ್ತುವಾರಿ ನೋಡುವ ಸಮಿತಿ ಎಸ್‌ಡಿಎಂಸಿಯಲ್ಲಿ ಪಾಲಕರೇ ಹೆಚ್ಚು ಇರುತ್ತಾರೆ. ಮುಂದಿನ ಸಭೆಯಲ್ಲಿ ಮೊದಲು ಇದನ್ನೇ ಕೇಳುತ್ತೇನೆ.