ಕ್ಲೀನ್ ಟೋನ್‌ಗೆ ಯಾವ ಪೆಡಲ್ ಮೊದಲು, ಯಾವುದು ಆಮೇಲೆ?

ಪ್ರಶ್ನೆ (ಧಾರವಾಡ):
ಭಾವಗೀತೆ ಹಾಡುವವರ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ, ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಬೇಡವೇ ಬೇಡ. ಸದ್ದಿನ ಏರಿಳಿತ ಸಮ ಮಾಡುವ ಕಂಪ್ರೆಸರ್, ಹಲವು ಗಿಟಾರ್ ಒಟ್ಟಿಗೆ ನುಡಿದ ಹಾಗೆ ಮಾಡುವ ಕೋರಸ್, ಸ್ವರವನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಡಿಲೇ, ದೊಡ್ಡ ಹಾಲ್‌ನ ಗುಂಗು ಕೊಡುವ ರಿವರ್ಬ್, ನಾಲ್ಕೂ ಪೆಡಲ್ ಇವೆ. ಒಂದೊಂದೇ ಹಾಕಿದರೆ ಚೆಂದ. ಎಲ್ಲಾ ಒಟ್ಟಿಗೆ ಆನ್ ಮಾಡಿದರೆ ಸ್ವರಗಳು ಕಲಸಿಹೋಗಿ ಹಾಡುವವರ ದನಿಯೇ ಮುಚ್ಚಿಹೋಗುತ್ತದೆ. ಏನು ಮಾಡಲಿ?

ಉತ್ತರ 1 (ಹುಬ್ಬಳ್ಳಿ):
ನೀವು ಬರೆದ ಕ್ರಮದಲ್ಲೇ ಜೋಡಿಸಿ ಸರ್. ಕಂಪ್ರೆಸರ್ ಮೊದಲೇ ಇರಬೇಕು, ಯಾಕಂದ್ರೆ ಅದು ಸಣ್ಣ ಸದ್ದನ್ನು ಮೇಲೆತ್ತುತ್ತದೆ, ರಿವರ್ಬ್ ಆದಮೇಲೆ ಇಟ್ಟರೆ ಅದರ ಬಾಲವನ್ನೂ (ಕೊನೆಗೆ ಉಳಿಯುವ ಗುಂಗನ್ನೂ) ಎತ್ತಿಬಿಡುತ್ತದೆ. ಕೋರಸ್‌ನ ರೇಟ್ (ಅಲುಗಾಟದ ವೇಗ), ಡೆಪ್ತ್ (ಅದರ ಪ್ರಮಾಣ) ಎರಡೂ ಕಡಿಮೆ ಇರಲಿ. ಡಿಲೇ 350 ಮಿಲಿಸೆಕೆಂಡ್ ಸುತ್ತಮುತ್ತ, ಒಂದೆರಡು ರಿಪೀಟ್ ಸಾಕು. ರಿವರ್ಬ್‌ನಲ್ಲಿ ಲೋ ಕಟ್ ಇದ್ದರೆ ಬೇಸ್ ಕಡಿಮೆ ಮಾಡಿ, ಅರ್ಧ ಕಲಸುವಿಕೆ ಅಲ್ಲೇ ಹೋಗುತ್ತದೆ. ಹಾಡು ನಡೆಯುವಾಗ ಡಿಲೇ ಆಫ್ ಮಾಡಿ, ಮಧ್ಯದ ಮ್ಯೂಸಿಕ್ ಬಿಟ್ಟಿನಲ್ಲಿ ಮಾತ್ರ ಒತ್ತಿ.

ಉತ್ತರ 2 (ಗದಗ):
ಇದನ್ನೇ ನಾನೂ ಹೇಳುವವನಿದ್ದೆ. ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಯಾವುದು ಅಂತಲೂ ಹೇಳಿ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಆಂಪ್‌ನಲ್ಲಿ ಕೋರಸ್ ಒಳಗೇ ಇತ್ತು, ಮುಂದಿನ ವರ್ಷ ಬಂದ ಬಾಸ್ ಕಂಪನಿಯ ಸಿಇ-1 ಕೋರಸ್ ಪೆಡಲ್ ಅದೇ ಸರ್ಕ್ಯೂಟ್‌ನಿಂದ ಹುಟ್ಟಿದ್ದು. ಅಂಥ ಆಂಪ್ ಆದರೆ ಕೋರಸ್ ಪೆಡಲ್ ಸುಮ್ನೆ ಹೊರೆ, ಎರಡು ಕೋರಸ್ ಸೇರಿದರೆ ಶ್ರುತಿ ಅಲುಗಾಡಿದ ಹಾಗೆ ಕೇಳುತ್ತದೆ. ತಂಬೂರಿ, ಹಾರ್ಮೋನಿಯಂ ಪಕ್ಕ ಅದು ತಕ್ಷಣ ಗೊತ್ತಾಗುತ್ತದೆ ಅಲ್ವಾ?

ಪ್ರಶ್ನೆ ಕೇಳಿದವರು:
ಆಂಪ್‌ನಲ್ಲಿ ಕೋರಸ್ ಇಲ್ಲ, ರಿವರ್ಬ್ ಇದೆ, ಅದು ಯಾವಾಗಲೂ ಆನ್!

ಉತ್ತರ 1:
ಹಂಗಾದ್ರೆ ಎರಡು ರಿವರ್ಬ್ ಸೇರುತ್ತಿವೆ. ಆಂಪಿನದನ್ನು ಸೊನ್ನೆಗೆ ತಂದು ನೋಡಿ.