ಅಪ್ಪ ಅಮ್ಮನ ಜೊತೆ ಯೆಲ್ಲೋಸ್ಟೋನ್: ಹೋಗಿ ಬಂದವರ ಅನುಭವ

ಕೇಳಿದ್ದು: ಜೂನ್ ಕೊನೆಗೆ ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬರುತ್ತಿದ್ದಾರೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಣ್ಣದ ಬಿಸಿನೀರಿನ ಬುಗ್ಗೆಗಳನ್ನೂ ಗೀಸರ್‌ಗಳನ್ನೂ (ಬಿಸಿನೀರು ಆಗಾಗ ಮೇಲಕ್ಕೆ ಚಿಮ್ಮುವ ಬುಗ್ಗೆಗಳು) ತೋರಿಸುವ ಆಸೆ. ಎರಡು ದಿನ ಇದೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲಾರರು. ಏನೇನು ನೋಡಬಹುದು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ: ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಜನ ಕಡಿಮೆ ಇರುತ್ತಾರೆ ಅಂತ ಬೆಳಿಗ್ಗೆ ಏಳಕ್ಕೇ ಎಲ್ಲರನ್ನೂ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬುಗ್ಗೆಗೆ ಕರೆದುಕೊಂಡು ಹೋದೆ. ಬರೀ ಹಬೆ! ಚಳಿಗೆ ಹಬೆ ಎಷ್ಟು ದಟ್ಟವಾಗಿ ಏಳುತ್ತದೆ ಅಂದರೆ ಕೆಳಗಿನ ನೀರೇ ಕಾಣುವುದಿಲ್ಲ. ಬಿಸಿಲೇರಿದ ಮೇಲೆ ಮತ್ತೆ ಹೋದೆವು. ಆಗ ಕಂಡಿತು ನೋಡಿ, ನಡುವೆ ಕಡುನೀಲಿ, ಸುತ್ತ ಹಸಿರು, ಹಳದಿ, ಅಂಚಿನಲ್ಲಿ ಕಿತ್ತಳೆ. ಅಗಲವೇ ಸುಮಾರು 100 ಮೀಟರ್. ನಡುವಿನ ನೀರು ಸುಡುವಷ್ಟು ಬಿಸಿ, ಅಲ್ಲಿ ಬಣ್ಣದ ಜೀವಿಗಳು ಬೆಳೆಯುವುದಿಲ್ಲ. ಅಂಚಿಗೆ ಬಂದಂತೆ ನೀರಿನ ಬಿಸಿ ಕಡಿಮೆಯಾಗುತ್ತದೆ. ಒಂದೊಂದು ಮಟ್ಟದ ಬಿಸಿಗೆ ಒಂದೊಂದು ಬಗೆಯ ಸೂಕ್ಷ್ಮಜೀವಿ, ಆ ಬಣ್ಣಗಳೆಲ್ಲ ಅವುಗಳದ್ದೇ. ಇದನ್ನು ಕಾರಿನಲ್ಲೇ ಹೇಳಿದ್ದೆ. ಮಾವ ಒಂದೊಂದೇ ಪಟ್ಟೆಯನ್ನು ನಿಂತು ನೋಡಿದರು.

ಮೇಲಿನಿಂದ ಪೂರ್ತಿ ಬುಗ್ಗೆ ನೋಡಬೇಕಾದರೆ ಫೇರಿ ಫಾಲ್ಸ್ ಪಾರ್ಕಿಂಗ್‌ನಿಂದ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು, ಕೊನೆಗೆ ಏರು. ನಿಮ್ಮ ಅಮ್ಮನಿಗೆ ಬೇಡ. ಬುಗ್ಗೆಯ ಪಕ್ಕದ ಹಲಗೆ ದಾರಿಯೇ ಸಾಕು. ಹತ್ತರಿಂದ ನಾಲ್ಕರವರೆಗೆ ಪಾರ್ಕಿಂಗ್ ಸಿಗುವುದೇ ಕಷ್ಟ. ನಾಲ್ಕರ ಮೇಲೆ ಹೋಗಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಇನ್ನೊಬ್ಬರು: ಮಂಡಿನೋವಿನವರಿಗೆ ಓಲ್ಡ್ ಫೇತ್‌ಫುಲ್ ಗೀಸರ್ ಒಳ್ಳೆಯದು. ಸುತ್ತ ಬೆಂಚುಗಳಿವೆ, ಕೂತೇ ನೋಡಬಹುದು. ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, 30ರಿಂದ 55 ಮೀಟರ್ ಎತ್ತರಕ್ಕೆ. ಮುಂದಿನದು ಯಾವಾಗ ಅಂತ ಅಲ್ಲಿನ ಮಾಹಿತಿ ಕೇಂದ್ರದಲ್ಲಿ ಬರೆದಿರುತ್ತಾರೆ, ಹತ್ತು ನಿಮಿಷ ಹಿಂದೆ ಮುಂದೆ ಆಗಬಹುದು. ಫೋನ್ ನಂಬಬೇಡಿ, ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅದೇ ಉದ್ಯಾನದ ನಾರಿಸ್ ಅನ್ನುವ ಜಾಗದಲ್ಲಿರುವ ಸ್ಟೀಮ್‌ಬೋಟ್ ಗೀಸರ್ 90 ಮೀಟರ್ ದಾಟಿ ಚಿಮ್ಮುತ್ತದೆ ನಿಜ, ಆದರೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಹಿರಿಯರನ್ನು ಸುಮ್ನೆ ಕಾಯಿಸಬೇಡಿ. ಬದಲಿಗೆ ವೆಸ್ಟ್ ಥಂಬ್‌ಗೆ ಹೋಗಿ. ತಣ್ಣನೆಯ ದೊಡ್ಡ ಸರೋವರದ ದಡದಲ್ಲೇ ಕುದಿಯುವ ಬುಗ್ಗೆಗಳು! ಹಿಂದೆ ಕೆಲವರು ಸರೋವರದಲ್ಲಿ ಮೀನು ಹಿಡಿದು, ಗಾಳದಲ್ಲಿದ್ದಂತೆಯೇ ಪಕ್ಕದ ಬುಗ್ಗೆಗೆ ಇಳಿಸಿ ಬೇಯಿಸುತ್ತಿದ್ದರಂತೆ. ನಮ್ಮಮ್ಮನಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾದ ಜಾಗ ಅದು.

ಮತ್ತೊಬ್ಬರು: ಒಂದು ಮಾತು, ಇದನ್ನು ಹೊರಡುವ ಮೊದಲೇ ಅಪ್ಪ ಅಮ್ಮನಿಗೆ ಹೇಳಿಬಿಡಿ. ನಾವು ಪುತ್ತೂರಿನ ಕಡೆಯವರು. ಬೇಂದ್ರು ತೀರ್ಥದ ಬಿಸಿನೀರಲ್ಲಿ ಸ್ನಾನ ಮಾಡಿ ಬೆಳೆದವರು ನಮ್ಮಪ್ಪ. ಇಲ್ಲಿ ಬುಗ್ಗೆ ಕಂಡ ಕೂಡಲೇ ಬಗ್ಗಿ ಕೈ ಚಾಚಿದರು. ನಾನು ಭುಜ ಹಿಡಿದು ಎಳೆದೆ. ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಯೆಲ್ಲೋಸ್ಟೋನ್ ಎತ್ತರದ ಜಾಗ, ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಎಷ್ಟೋ ಬುಗ್ಗೆಗಳು ಅದೇ ಬಿಸಿಯಲ್ಲಿರುತ್ತವೆ. ಹಲಗೆ ದಾರಿಯ ಆಚೆ ನೆಲ ಗಟ್ಟಿ ಇದ್ದಂತೆ ಕಂಡರೂ ತೆಳು ಪದರ, ಕಾಲಿಟ್ಟರೆ ಕುಸಿಯಬಹುದು. ಬುಗ್ಗೆಗೆ ಬಿದ್ದು 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಗಾಳಿಗೆ ಟೋಪಿ ಹಾರಿದರೂ ಹೋಗಲಿ ಬಿಡಿ, ತೆಗೆಯಲು ಇಳಿಯಬೇಡಿ.

ಕಾಸು ಹಾಕುವ ಅಭ್ಯಾಸವೂ ನಮ್ಮವರಿಗಿದೆ ಅಲ್ವಾ? ಮಾರ್ನಿಂಗ್ ಗ್ಲೋರಿ ಅನ್ನುವ ಬುಗ್ಗೆ ಮೊದಲು ಪೂರ್ತಿ ನೀಲಿ ಇತ್ತು. ಜನ ಎಸೆದ ನಾಣ್ಯ, ಕಸ ಸೇರಿ ಬಿಸಿನೀರು ಬರುವ ಕಂಡಿ ಕಟ್ಟಿಕೊಂಡಿತು. ನೀರಿನ ಬಿಸಿ ಕಡಿಮೆಯಾಯಿತು. ಈಗ ಅಂಚಿನಿಂದ ಹಳದಿ, ಕಿತ್ತಳೆ ಒಳಗೆ ಬಂದಿದೆ. ಇದನ್ನು ಹೇಳಿದ ಮೇಲೆ ಅಮ್ಮ ತೆಗೆದಿದ್ದ ನಾಣ್ಯವನ್ನು ಪರ್ಸಿಗೆ ಹಾಕಿಕೊಂಡು, ನಿಂತಲ್ಲೇ ಕೈ ಮುಗಿದರು.

ಕೇಳಿದವರು: ತುಂಬಾ ಧನ್ಯವಾದಗಳು. ಮೊದಲ ದಿನ ಓಲ್ಡ್ ಫೇತ್‌ಫುಲ್, ಸಂಜೆ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್. ಮರುದಿನ ವೆಸ್ಟ್ ಥಂಬ್. ನಾರಿಸ್ ಬಿಟ್ಟೆ. ಕೈ ಚಾಚುವ ವಿಷಯ ಇವತ್ತೇ ಅಪ್ಪನಿಗೆ ಫೋನಿನಲ್ಲಿ ಹೇಳುತ್ತೇನೆ.