ಮನೆಯಲ್ಲೇ ಸಿಗಾರ್ ಸುತ್ತುವುದು: ಎಲೆ ಯಾವುದು, ಕಾನೂನು ಎಲ್ಲಿಯವರೆಗೆ?

ಪ್ರಶ್ನೆ (ಕನೆಕ್ಟಿಕಟ್‌ನಿಂದ)

ಹುಣಸೂರು ಕಡೆಯ ಹೊಗೆಸೊಪ್ಪಿನ ಹೊಲಗಳ ನಡುವೆ ಬೆಳೆದ ನಾನು ಈಗ ಅಮೆರಿಕದ ಕನೆಕ್ಟಿಕಟ್‌ನಲ್ಲಿ ನೆಲೆಸಿದ್ದೇನೆ. ತಿಂಗಳಿಗೆ ಒಂದೆರಡು ಸಿಗಾರ್ ಸೇದುವ ಅಭ್ಯಾಸವಿದ್ದು, ಕಳೆದ ಚಳಿಗಾಲದಿಂದ ಇಡೀ ಎಲೆಗಳನ್ನು ತರಿಸಿ ಮನೆಯಲ್ಲೇ ಸುತ್ತಲು ತೊಡಗಿದ್ದೇನೆ. ಅರ್ಧದಷ್ಟು ಸಿಗಾರುಗಳು ಒಂದೇ ಮಗ್ಗುಲಿಗೆ ಉರಿಯುತ್ತವೆ. ಇದಕ್ಕೆ ಪರವಾನಗಿ ಅಥವಾ ತೆರಿಗೆಯ ಹಂಗು ಇದೆಯೇ? ಹೊಗೆಸೊಪ್ಪು ಒಣಗಿಸುವ ಬಿಸಿಕೋಣೆಯಾದ ಊರಿನ ನಮ್ಮ ಬ್ಯಾರನ್‌ನಲ್ಲಿ ಬೇಯಿಸಿದ ಎಲೆಯನ್ನೇ ತಮ್ಮನಿಂದ ತರಿಸಿಕೊಂಡರೆ ಆಗದೇ?

ಉತ್ತರ 1 (ಓಹಾಯೋದಿಂದ)

ಅಮೆರಿಕದ ಒಕ್ಕೂಟ ತೆರಿಗೆ ಕಾಯ್ದೆಯು ‘ತಯಾರಕ’ ಎಂಬ ಪದವನ್ನು ವಿವರಿಸುವಾಗಲೇ, ಕೇವಲ ಸ್ವಂತ ಬಳಕೆಗೆ ಸಿಗಾರ್ ಮಾಡಿಕೊಳ್ಳುವವರನ್ನು ಹೊರಗಿಟ್ಟಿರುವುದರಿಂದ, ನಿಮಗೆ ಒಕ್ಕೂಟದ ಪರವಾನಗಿಯೂ ಬೇಡ, ಸುತ್ತಿದ್ದಕ್ಕೆ ಅಬಕಾರಿ ತೆರಿಗೆಯೂ ಇಲ್ಲ. ರಾಜ್ಯದ ನಿಯಮವನ್ನು ಅಲ್ಲಿನ ಕಂದಾಯ ಇಲಾಖೆಯಲ್ಲೇ ವಿಚಾರಿಸಿ. ಆದರೆ ‘ಕೇವಲ’ ಎಂಬ ಪದದ ಮೇಲೆ ಕಣ್ಣಿರಲಿ: ನೆರೆಯವರಿಗೆ ಒಂದನ್ನು ಮಾರಿದ ದಿನವೇ ನೀವು ತಯಾರಕರಾಗುತ್ತೀರಿ, ಆಗ ಪರವಾನಗಿಯ ಜೊತೆಗೆ ಮಾರಾಟ ಬೆಲೆಯ ಶೇ 52.75ರಷ್ಟು, ಒಂದು ಸಿಗಾರಿಗೆ ಗರಿಷ್ಠ 40.26 ಸೆಂಟ್, ತೆರಿಗೆ ಬೀಳುತ್ತದೆ. ಪುಕ್ಕಟೆ ಹಂಚುವುದು ಕೂಡ ಆ ವಿನಾಯಿತಿಯ ಅಕ್ಷರಾರ್ಥವನ್ನು ಮೀರುತ್ತದೆ ಎಂಬುದು ನನ್ನ ಅಭಿಪ್ರಾಯ.

2016ರಲ್ಲಿ ಆಹಾರ ಮತ್ತು ಔಷಧ ಆಡಳಿತವು ಸಿಗಾರುಗಳನ್ನೂ ತನ್ನ ನಿಯಂತ್ರಣಕ್ಕೆ ತಂದುಕೊಂಡಿತ್ತು. 2023ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಉನ್ನತ ದರ್ಜೆಯ ಕೈಸುತ್ತಿನ ಸಿಗಾರುಗಳ ಮಟ್ಟಿಗೆ ಆ ನಿಯಮವನ್ನು ರದ್ದುಪಡಿಸಿತು. ಹೊರಗೆ ಇಡೀ ಎಲೆಯ ಹೊದಿಕೆ, ಒಳಗೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಉದ್ದೆಲೆ (ಚೂರು ಮಾಡದ ಉದ್ದನೆಯ ಎಲೆ), ಎಲೆ, ನೀರು ಮತ್ತು ಸಸ್ಯಜನ್ಯ ಅಂಟಿನ ಹೊರತು ಬೇರೇನೂ ಇಲ್ಲದಿರುವುದು, ಇವೆಲ್ಲ ಅಂಥ ಸಿಗಾರಿನ ಲಕ್ಷಣಗಳೆಂದು ಅಲ್ಲಿ ಎಣಿಸಲಾಗಿದೆ. ಕಾನೂನಿನ ಭಾಷೆಯಲ್ಲಿ ಕಸುಬಿನ ವರ್ಣನೆಯನ್ನು ಓದುವುದು ನನಗಂತೂ ಮೋಜೆನಿಸಿತು.

ಒಂದೇ ಮಗ್ಗುಲಿಗೆ ಉರಿಯುವುದಕ್ಕೆ ಎಲೆಗಳನ್ನು ಪುಸ್ತಕದಂತೆ ಮಡಚುವುದು ಕಾರಣವಿರಬಹುದು. ಪ್ರತಿ ಎಲೆಯನ್ನೂ ಕೊಳವೆಯಂತೆ ಸುರುಳಿ ಮಾಡಿ ಜೋಡಿಸಿದರೆ ನಡುವೆ ಗಾಳಿಗೆ ದಾರಿ ಉಳಿಯುತ್ತದೆ. ಗಿಡದ ತುದಿಯ ದಪ್ಪ ಎಲೆಯಾದ ಲಿಗೇರೊ ನಿಧಾನವಾಗಿ ಉರಿಯುವುದರಿಂದ ಅದು ನಟ್ಟನಡುವೆಯೇ ಇರಬೇಕು.

ಉತ್ತರ 2 (ಪಿರಿಯಾಪಟ್ಟಣದಿಂದ)

ನಮ್ಮ ಎಲೆ ಸಿಗಾರಿಗೆ ಒಗ್ಗದು. ಬ್ಯಾರನ್‌ನಲ್ಲಿ ಕೊಳವೆಯ ಬಿಸಿಗೆ ಕೆಲವೇ ದಿನಗಳಲ್ಲಿ ಹಳದಿಯಾಗಿ ಒಣಗುವ ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಉಳಿದುಕೊಳ್ಳುತ್ತದೆ, ಆದ್ದರಿಂದ ಅದರ ಹೊಗೆ ಆಮ್ಲೀಯ. ಸಿಗಾರಿನ ಎಲೆಯನ್ನು ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕಿ ಗಾಳಿಗೆ ಒಣಗಿಸಿ, ಬಳಿಕ ರಾಶಿಯೊಟ್ಟಿ ಹುದುಗಲು ಬಿಡುತ್ತಾರೆ. ತಿಪ್ಪೆ ಕಾವೇರುವಂತೆ ಆ ರಾಶಿ ತಾನಾಗಿ ಬಿಸಿಯಾಗಿ ಅಮೋನಿಯಾ ಹೊರಹೋಗುತ್ತದೆ. ರುಚಿ ಹುಟ್ಟುವುದು ಅಲ್ಲಿ. ಸುತ್ತುವ ಕೈಚಳಕ ಆಮೇಲಿನ ಮಾತು.

ಅಲ್ಲದೆ, 1975ರ ತಂಬಾಕು ಮಂಡಳಿ ಕಾಯ್ದೆಯಡಿ ವರ್ಜೀನಿಯಾ ಬೆಳೆಗಾರ ನೋಂದಾಯಿತನಾಗಿರಬೇಕು, ಎಲೆ ಮಂಡಳಿಯ ಹರಾಜು ಕಟ್ಟೆಗೇ ಬರಬೇಕು. ತಮ್ಮನನ್ನು ತೊಂದರೆಗೆ ಸಿಲುಕಿಸಬೇಡಿ. ಭಾರತದ ಸಿಗಾರ್ ಎಲೆಯೇ ಬೇಕೆಂದರೆ ತಮಿಳುನಾಡಿನ ದಿಂಡಿಗಲ್ ಕಡೆ ನೋಡಬೇಕು. ಅಲ್ಲಿನ ವೇದಸಂದೂರಿನಲ್ಲಿ ಇಂಥ ಎಲೆಗೆಂದೇ ಸಂಶೋಧನಾ ಕೇಂದ್ರವಿದೆ. ಇಷ್ಟಕ್ಕೂ ಹೊದಿಕೆಗೆ ಹೆಸರಾದ, ಬಟ್ಟೆಯ ನೆರಳಿನಡಿ ಬೆಳೆಯುವ ಎಲೆ ನಿಮ್ಮ ಕನೆಕ್ಟಿಕಟ್ ಕಣಿವೆಯದೇ ಅಲ್ಲವೇ!

ಉತ್ತರ 3 (ಮೆಲ್ಬರ್ನ್‌ನಿಂದ)

ನಿಮ್ಮ ಮಾತುಗಳನ್ನು ಓದಿ ಹೊಟ್ಟೆಕಿಚ್ಚಾಯಿತು. ಆಸ್ಟ್ರೇಲಿಯಾದಲ್ಲಿ ಪರವಾನಗಿಯಿಲ್ಲದೆ ಹಿತ್ತಲಿನಲ್ಲಿ ಸ್ವಂತಕ್ಕೆ ಹೊಗೆಸೊಪ್ಪು ಬೆಳೆಯುವುದೂ ಅಪರಾಧ. 2019ರ ಜುಲೈನಿಂದ ಅನುಮತಿಯಿಲ್ಲದೆ ಅಂಚೆಯಲ್ಲಿ ಎಲೆ ತರಿಸುವಂತಿಲ್ಲ. ಸಿದ್ಧ ಸಿಗಾರಿಗೆ ಆ ಅನುಮತಿಯಿಂದ ವಿನಾಯಿತಿಯಿದ್ದರೂ ಸುಂಕ ಜೇಬು ಸುಡುತ್ತದೆ. ಹೊಗೆಯನ್ನು ಒಳಗೆಳೆದುಕೊಳ್ಳದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆಯಾದ್ದರಿಂದ ಒಂದು ಮಾತು: ಸಿಗಾರಿನ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತ ಸೇರುತ್ತದೆ, ಮತ್ತು ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಆ ಹೊಗೆ ಕಾರಣವೆಂಬುದು ಸಿದ್ಧಪಟ್ಟ ವಿಷಯ.

ಪ್ರಶ್ನಿಸಿದವರಿಂದ

ಪುಸ್ತಕದಂತೆ ಮಡಚುತ್ತಿದ್ದುದು ನಿಜ. ನಿನ್ನೆ ಕೊಳವೆಯಂತೆ ಸುರುಳಿ ಮಾಡಿ ಮೂರನ್ನು ಸುತ್ತಿದ್ದೇನೆ. ತೇವ ಆರಿ ಹದಕ್ಕೆ ಬರಲೆಂದು ಡಬ್ಬಿಯಲ್ಲಿಟ್ಟಿದ್ದೇನೆ. ಎಲೆ ಕಳಿಸುವುದು ಬೇಡವೆಂದು ತಮ್ಮನಿಗೆ ಹೇಳಿಯಾಯಿತು.